ಹೂಮುಡಿಯಿಲ್ಲದೆ ಇಳಿದ ಹಸುಗಳು

ಮೊದಲು ಗಮನಕ್ಕೆ ಬಂದದ್ದು ಸದ್ದೇ ಇಲ್ಲದಿರುವುದು.

ಹಸುಗಳು ಬೆಟ್ಟದಿಂದ ಇಳಿಯುವ ದಿನ ತಪ್ಪಲಿನ ನಮ್ಮ ಹೊಟ್ಟಿಂಗ್ ಊರಿನ ಬೀದಿಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಗಂಟೆಗಳ ಸದ್ದು ಕಾಡಂಚಿನಲ್ಲಿ ಶುರುವಾಗಿ ಚರ್ಚಿನ ತಿರುವಿಗೆ ಬರುವಷ್ಟರಲ್ಲಿ ಕಿಟಕಿಯ ಗಾಜುಗಳು ಅದುರುತ್ತವೆ. ಈ ಸಲ ಕೇಳಿಸಿದ್ದು ಗೊರಸುಗಳು ಡಾಂಬರಿಗೆ ತಾಕುವ ಸದ್ದು ಮಾತ್ರ.

ತಿರುವಿನಲ್ಲಿ ಮೊದಲ ಹಸು ಕಾಣಿಸಿತು. ಬೂದು ಮೈ, ಬರಿಯ ತಲೆ. ಕೊರಳಿನ ದೊಡ್ಡ ಗಂಟೆಯ ಬಾಯಿಗೆ ಒಣಹುಲ್ಲು ತುರುಕಿತ್ತು. ಅದರ ಹಿಂದಿನದಕ್ಕೂ ಹಾಗೆಯೇ. ಅದರ ಹಿಂದಿನದಕ್ಕೂ.

"ಹೂವೆಲ್ಲಿ?" ಎಸ್ಬೆನ್ ಕ್ಯಾಮೆರಾ ಕೆಳಗಿಳಿಸಿ ನನ್ನತ್ತ ತಿರುಗಿದ. "ಪೋಸ್ಟ್‌ಕಾರ್ಡಲ್ಲಿ ತಲೆ ತುಂಬ ಹೂವಿತ್ತಲ್ಲ. ಇದು ಮೋಸ ಬುರ್ಗಿ. ದುಡ್ಡು ವಾಪಸ್ ಕೊಡು."

"ನೀನು ದುಡ್ಡೇ ಕೊಟ್ಟಿಲ್ಲ ಮಾರಾಯ," ಎಂದಳು ಅವನ ಹೆಂಡತಿ ಸಿಸೆಲ್. "ಮೂರು ದಿನದಿಂದ ಅವಳ ಮನೆ ಬ್ರೆಡ್ ಖಾಲಿ ಮಾಡ್ತಿದೀಯ."

ನಾನು ನಗಲಿಲ್ಲ. ಬೀದಿಯ ಎದುರು ಬದಿಯಲ್ಲಿ ಬೇಕರಿಯ ಮುದುಕ ಟೋಪಿ ತೆಗೆದ. ಅವನನ್ನು ನೋಡಿ ಪಕ್ಕದವನೂ ತೆಗೆದ. ಪ್ರವಾಸಿಗಳು ಏನೂ ಅರ್ಥವಾಗದೆ ಫೋಟೊ ತೆಗೆಯುತ್ತಲೇ ಇದ್ದರು.

ಸಿಸೆಲ್ ನನ್ನ ತೋಳು ಹಿಡಿದುಕೊಂಡಳು. ಹಿಂದೆ ಎರಡು ಬೇಸಿಗೆ ಅವಳು ಇಲ್ಲಿ ನನ್ನ ಜೊತೆ ಬೆಟ್ಟದ ಹೋಟೆಲಿನಲ್ಲಿ ಪಾತ್ರೆ ತೊಳೆದವಳು. ಈ ಊರಿನ ರೀತಿ ಅವಳು ಮರೆತಿರಲಿಲ್ಲ.

"ಯಾರು ಸತ್ರು?" ಎಂದು ಮೆಲ್ಲಗೆ ಕೇಳಿದಳು.

ಬೇಸಿಗೆಯಲ್ಲಿ ಒಂದು ಹಸುವೂ ಸಾಯದೆ, ಮನೆಯವರೂ ಕ್ಷೇಮವಾಗಿದ್ದರೆ ಮಾತ್ರ ಹಸುಗಳ ತಲೆಗೆ ಹೂಮುಡಿ. ಸಾವಾದ ಮನೆಯ ಹಸುಗಳು ಬರಿತಲೆಯಲ್ಲಿ ಇಳಿಯಬೇಕು, ಗಂಟೆ ಮೂಕವಾಗಿರಬೇಕು. ಇವು ರೋಮೆಡ್‌ನ ಹಸುಗಳು. ಬೇಸಿಗೆಯಿಡೀ ಅವನ್ನು ಮೇಲೆ ಮೇಯಿಸಿದವನು ಅವನ ತಮ್ಮ ಕಾಸಿಯಾನ್. ಗುರುವಾರ ಸಿಸೆಲ್ ಮ್ಯೂನಿಕ್‌ನಿಂದ ರೈಲಿನಲ್ಲಿ ಬಂದಾಗ ಅವಳನ್ನು ಎದುರುಗೊಳ್ಳಬೇಕಾಗಿದ್ದ ನಮ್ಮ ಹಳೆಯ ಗೆಳೆಯ. ಅವನು ಬಂದಿರಲಿಲ್ಲ. ಅವನ ಸಂದೇಶಗಳು ಮಾತ್ರ ಬರುತ್ತಿದ್ದವು.

'ದಕ್ಷಿಣದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಮಂಗಳವಾರವೇ ಹೊರಟೆ. ಸಿಸೆಲ್ ಬೇಜಾರು ಮಾಡಿಕೊಳ್ಳದಿರಲಿ.' ಕರೆ ಮಾಡಿದರೆ ಮೊಬೈಲ್ ಯಾವಾಗಲೂ ಬಂದ್.

ಹಸುಗಳು ಇಳಿಯುವುದಕ್ಕೆ ನಾಲ್ಕು ದಿನ ಇರುವಾಗ ಯಾವ ದನಗಾಹಿಯೂ ಅವನ್ನು ಬಿಟ್ಟು ಹೋಗುವುದಿಲ್ಲ. ಅದನ್ನು ನಾನು ಕಚೇರಿಯಲ್ಲಿ ಹೇಳಿದ್ದೆ. ನಾನು ಈ ಊರಿನ ಅಪರಾಧ ವಿಭಾಗದಲ್ಲಿ ಇನ್‌ಸ್ಪೆಕ್ಟರ್. ಗೆಳತಿ ಬಂದಿದ್ದಾಳೆಂದು ರಜೆ ಹಾಕಿದವಳು ರಜೆಯಲ್ಲೇ ಹೋಗಿ ಹೇಳಿದೆ. "ದಿನಾ ಮೆಸೇಜ್ ಕಳಿಸೋ ಗಂಡಸು ಕಾಣೆಯಾಗಿಲ್ಲ ಬುರ್ಗಿ, ತಪ್ಪಿಸಿಕೊಂಡಿದಾನೆ," ಎಂದು ಮೇಲಧಿಕಾರಿ ನಕ್ಕರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ನಿದ್ದೆ ಹತ್ತಿರಲಿಲ್ಲ.

ಹಿಂಡಿನ ಕೊನೆಯಲ್ಲಿ ರೋಮೆಡ್ ಬಂದ. ಮುಖ ಕೆಂಪಾಗಿತ್ತು, ಕಣ್ಣು ನೆಲದ ಮೇಲಿತ್ತು. ಅವನ ಹಿಂದೆ ಎಂಬತ್ತು ದಾಟಿದ ತಾಯಿ ಫಿಲೊಮೆನಾ. ಕಪ್ಪು ಬಟ್ಟೆ, ತಲೆ ನೆಟ್ಟಗೆ, ಕೈಯಲ್ಲಿ ಇನ್ನೂ ಒಂದು ಹಿಡಿ ಒಣಹುಲ್ಲು.

ಹಸುಗಳು ಅಂಗಳ ದಾಟಿ ಕೊಟ್ಟಿಗೆಗೆ ಹೋದವು. ನಾನು ಬಾಗಿಲ ಬಳಿ ನಿಂತು ನೋಡಿದೆ. ನನ್ನ ಅಪ್ಪನೂ ಹಸು ಸಾಕಿದವನು. ಈ ಹೊತ್ತು ಚಿಕ್ಕಂದಿನಿಂದ ನನಗಿಷ್ಟ.

*

ಅಂಗಳದಲ್ಲಿ ಬೆಂಚುಗಳನ್ನು ಹಾಕಿದ್ದರು. ಜೊತೆಗೆ ಇಳಿದು ಬಂದ ನೆರೆಯವರು, ಎದುರು ಮನೆಯವರು, ನಾವು ಮೂವರು. ಸಾವಿರಲಿ ಹಬ್ಬವಿರಲಿ, ಹಸು ಇಳಿಸಿದವರಿಗೆ ಊಟ ಹಾಕಲೇಬೇಕು. ಫಿಲೊಮೆನಾ ಹಿಟ್ಟು ತಟ್ಟಿ ಎಣ್ಣೆಗೆ ಬಿಡುತ್ತಿದ್ದಳು. ಉಬ್ಬಿದ ರೊಟ್ಟಿಯ ನಡುವಿನ ಗುಳಿಗೆ ಹುಳಿ ಬರಿಸಿದ ಕೋಸು ಹಾಕಿ ಮಾತಿಲ್ಲದೆ ಕೊಡುತ್ತಿದ್ದಳು.

ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ರೋಮೆಡ್ ತಾನೇ ಎದ್ದು ನಿಂತ.

"ಸೆಲ್ಮಾ ಹೋಯ್ತು," ಎಂದ. "ನಮ್ಮ ಹಾಲು ಕರೆಯೋ ಹಸು. ಆಗಸ್ಟಲ್ಲಿ ಬಂಡೆಯಿಂದ ಜಾರಿ ಬಿತ್ತು. ಹೇಳೋಕೆ ಮನಸ್ಸಾಗಿರಲಿಲ್ಲ. ಅಷ್ಟೇ. ತಿನ್ನಿ, ತಿನ್ನಿ."

ಬೆಂಚುಗಳಲ್ಲಿ ಉಸಿರು ಸಡಿಲವಾಯಿತು. ಯಾರೋ ಪಾಪ ಎಂದರು. ಯಾರೋ ಇನ್ನಷ್ಟು ಕೋಸು ಕೇಳಿದರು. ಫಿಲೊಮೆನಾ ಮಗನತ್ತ ತಿರುಗಿಯೂ ನೋಡಲಿಲ್ಲ.

"ನಿಮ್ಮ ಗಾಡಿ ಸರಿಹೋಯ್ತಾ?" ರೋಮೆಡ್ ಮಾತು ಬದಲಿಸಲು ಎಸ್ಬೆನ್‌ನನ್ನು ಕೇಳಿದ. ಆ ದಂಪತಿ ತಮ್ಮ ವ್ಯಾನಿನಲ್ಲಿ ಡೆನ್ಮಾರ್ಕಿನಿಂದ ಯುರೋಪ್ ಸುತ್ತಲು ಹೊರಟವರು.

"ಸೋಮವಾರದಿಂದ ಸಾಲ್ಸ್‌ಬರ್ಗ್‌ನಲ್ಲಿ ಕೂರಿಸಿದ್ರು. ಇವಳು ಮ್ಯೂನಿಕ್‌ನಲ್ಲಿ ಗೆಳತಿ ಮನೇಲಿ ಹಾಯಾಗಿದ್ಲು. ನಾನು ಗ್ಯಾರೇಜಲ್ಲಿ ಕಾಫಿ ಕುಡೀತಾ ಗುರುವಾರದವರೆಗೂ ಒಬ್ಬನೇ." ಎಸ್ಬೆನ್ ಕೈ ಒರೆಸಿಕೊಂಡು ಮೇಲೆ ನೋಡಿದ. "ಬುರ್ಗಿ, ಬೆಟ್ಟ ಇವತ್ತು ಕೈಗೇ ಸಿಗೋ ಹಾಗಿದೆ. ಕೇಬಲ್ ಕಾರಲ್ಲಿ ತುದಿಗೆ ಹೋಗಿ ಬಂದುಬಿಡ್ತೀವಿ. ನಾಳೆ ವೆನಿಸ್‌ಗೆ ಹೊರಡಬೇಕು."

"ಬಿಸಿಗಾಳಿ ಎದ್ದಿದೆ," ಎಂದೆ. ದಕ್ಷಿಣದ ಗಾಳಿ ಬೀಸಿದಾಗ ಬೆಟ್ಟ ಹೀಗೆಯೇ ಹತ್ತಿರ ಬಂದು ನಿಲ್ಲುತ್ತದೆ, ನಮ್ಮೆಲ್ಲರ ತಲೆ ಸಿಡಿಯುತ್ತದೆ. "ಜೋರಾದ್ರೆ ಕಾರ್ ನಿಲ್ಲಿಸ್ತಾರೆ."

"ಅದಕ್ಕೇ ಈಗಲೇ."

"ಕಾಸಿಯಾನ್‌ನ ನೋಡದೆ ನಾನು ವೆನಿಸ್‌ಗೆ ಬರಲ್ಲ ಅಂದಿದೀನಿ," ಎಂದಳು ಸಿಸೆಲ್. "ಬೆಟ್ಟಕ್ಕೂ ಬರಲ್ಲ. ಬುರ್ಗಿ ಜೊತೆ ಇರ್ತೀನಿ."

ರೋಮೆಡ್ ಜೊತೆ ಒಬ್ಬಳೇ ಮಾತಾಡಬೇಕಿತ್ತು ನನಗೆ. "ಹೋಗು," ಎಂದು ಅವಳ ಬೆನ್ನು ತಟ್ಟಿದೆ. "ಸಂಜೆ ಹೊತ್ತಿಗೆ ನಾನು ಏನಾದರೂ ತಿಳ್ಕೊಂಡಿರ್ತೀನಿ."

"ನನ್ನ ಮೊಬೈಲ್ ನಿಮ್ಮನೇಲೇ ಚಾರ್ಜಿಗಿದೆ. ಬೇಕಾದ್ರೆ ಎಸ್ಬೆನ್‌ಗೆ ಮಾಡು."

ಎಸ್ಬೆನ್ ಆಗಲೇ ಚೀಲ ಏರಿಸಿ ಗೇಟಿನತ್ತ ನಡೆದಿದ್ದ. ಹಡಗಿನಿಂದ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಅವನು ಪ್ರತಿ ಹೆಜ್ಜೆಗೂ ಒಂದು ಪಕ್ಕಕ್ಕೆ ವಾಲುತ್ತಾನೆ.

"ನಮ್ಮ ದೋಣಿ ಹೊರಡ್ತು ನೋಡು," ಎಂದು ಸಿಸೆಲ್ ನಕ್ಕು ಹಿಂದೆ ಓಡಿದಳು.

ಒಲೆಯ ಬಳಿ ಏನೋ ಬಿತ್ತು. ಫಿಲೊಮೆನಾಳ ಕೈಯಿಂದ ಜಾರಿದ ಸೌಟು. ಅವಳು ಅದನ್ನು ಎತ್ತಿಕೊಳ್ಳದೆ ಗೇಟಿನತ್ತಲೇ ನೋಡುತ್ತಿದ್ದಳು. ಎಣ್ಣೆಯಲ್ಲಿದ್ದ ರೊಟ್ಟಿ ಕಪ್ಪಾಗುತ್ತಿತ್ತು.

ವಯಸ್ಸು, ಸುಸ್ತು ಎಂದುಕೊಂಡೆ.

*

ನೆರೆಯವರೆಲ್ಲ ಹೋದ ಮೇಲೆ ರೋಮೆಡ್ ಕೊಟ್ಟಿಗೆಗೆ ಹೋದ. ನಾನೂ ಹಿಂದೆ ಹೋದೆ. ಒಳಗೆ ಬೆಚ್ಚಗಿತ್ತು. ಹಸುಗಳು ಗೋದಲಿಗೆ ಮುಖ ಹಾಕಿ ಮೆಲ್ಲುತ್ತಿದ್ದವು.

"ಸೆಲ್ಮಾ ಯಾವ ಜಾಗದಲ್ಲಿ ನಿಲ್ತಿತ್ತು?" ಎಂದು ಕೇಳಿದೆ.

ಅವನು ಹುಲ್ಲು ಎತ್ತುವ ಕವೆಗೋಲು ಹಿಡಿದಿದ್ದ. "ಅಲ್ಲಿ. ಮೂಲೇಲಿ."

"ಅಲ್ಲೊಂದು ಹಸು ಇದೆಯಲ್ಲ."

"ಹೊಸದು. ಹೋದ ವಾರ ಸಂತೇಲಿ ತಂದೆ. ಮೇಲೆ ಹಿಂಡಿಗೆ ಬಿಟ್ಟಿದ್ದೆ. ವಿಚಾರಣೆ ಮಾಡ್ತಿದೀಯಾ? ನಮ್ಮ ಮರದ ಸೇಬು ಕದ್ದು ತಿಂದು ಬೆಳೆದೋಳು ನೀನು."

"ಹುಳಿ ಸೇಬು ರೋಮೆಡ್. ಈಗಲೂ ಹಲ್ಲು ಜುಮ್ಮನ್ನುತ್ತೆ."

ಅವನು ನಗಲಿಲ್ಲ. ಕೊಟ್ಟಿಗೆಗೆ ಇದ್ದದ್ದು ಒಂದೇ ಬಾಗಿಲು. ಅವನು ಅದಕ್ಕೂ ನನಗೂ ನಡುವೆ ನಿಂತಿದ್ದ. ಕವೆಗೋಲಿನ ಮೊನೆಗಳು ನನ್ನ ಮೊಣಕಾಲಿನ ಎತ್ತರದಲ್ಲಿದ್ದವು. ಬಾಲ್ಯದಿಂದ ಕಂಡ ಮನುಷ್ಯನಿಗೆ ನಾನು ಯಾಕೆ ಹೆದರಬೇಕು ಎಂದುಕೊಂಡೆ.

"ಹಸುಗಳು ಒಳಗೆ ಬರುವಾಗ ಬಾಗಿಲಲ್ಲೇ ನಿಂತು ನೋಡಿದೆ," ಎಂದೆ. "ನೀನು ಒಂದನ್ನೂ ಹಿಡಿದು ಎಳೀಲಿಲ್ಲ. ಪ್ರತಿಯೊಂದೂ ತಾನೇ ನಡೆದು ಹೋಗಿ ತನ್ನ ಗೂಟದ ಹತ್ರ ನಿಂತ್ಕೊಂಡ್ತು. ಬೇಸಿಗೆಯಿಡೀ ಹೊರಗಿದ್ರೂ ಹಸು ತನ್ನ ಜಾಗ ಮರೆಯಲ್ಲ. ಮೂಲೆಯದೂ ಹಾಗೇ ಹೋಯ್ತು. ಎಲ್ಲಕ್ಕಿಂತ ಮುಂಚೆ. ಈ ಕೊಟ್ಟಿಗೆ ಯಾವತ್ತೂ ಕಾಣದ ಹಸುಗೆ ಮೂಲೆ ಗೊತ್ತಿತ್ತಾ?"

ಅವನು ಮೂಲೆಯತ್ತ ನೋಡದೆ ಕಾಲಡಿಯ ಹುಲ್ಲು ಕೆದಕಿದ.

"ಅದು ಸೆಲ್ಮಾನೇ. ನಿಮ್ಮ ಹಿಂಡಲ್ಲಿ ಯಾವ ಹಸುವೂ ಸತ್ತಿಲ್ಲ. ಹಾಗಾದ್ರೆ ಯಾರು ಸತ್ತಿದ್ದು? ಕಾಸಿಯಾನ್ ಎಲ್ಲಿ?"

ಕವೆಗೋಲು ಮೇಲೆದ್ದಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಬೆನ್ನಿಗೆ ಹಸುವಿನ ಬೆಚ್ಚನೆಯ ಪಕ್ಕೆ ತಗುಲಿತು. ರೋಮೆಡ್ ಅದನ್ನು ಗೋಡೆಗೆ ಒರಗಿಸಿ ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತ.

"ಯಾರೂ ಸತ್ತಿಲ್ಲ," ಎಂದ. "ಅಮ್ಮನ ತಲೆ ಕೆಟ್ಟಿದೆ. ಅದನ್ನ ಊರಿಗೆಲ್ಲ ಹೇಗೆ ಹೇಳ್ಲಿ? ಹೂಮುಡಿ ಕಟ್ಟೋಳು ಅವಳೇ. ಈ ವರ್ಷ ಕಟ್ಟಲ್ಲ ಅಂದ್ಲು. ನಾನೇ ಕಾಗದದ ಹೂ, ಕನ್ನಡಿ, ರಿಬ್ಬನ್ ಎಲ್ಲಾ ತಂದೆ. ಒಲೆಗೆ ಹಾಕಿದ್ಲು. ಇವತ್ತು ಕಾಡಂಚಿಗೆ ಬಂದು ನಿಂತು ಒಂದೊಂದು ಗಂಟೆಗೂ ತಾನೇ ಹುಲ್ಲು ತುರುಕಿದ್ಲು. ಎಲ್ರೂ ನೋಡ್ತಿದ್ರು. ನಾನು ಏನ್ ಮಾಡ್ಲಿ? ಅಂಗಳದಲ್ಲಿ ಎಲ್ರೂ ನನ್ನ ಮುಖ ನೋಡ್ದಾಗ ಬಾಯಿಗೆ ಬಂದಿದ್ದು ಸೆಲ್ಮಾ ಹೆಸರು. ಎದ್ದು ನಿಲ್ಲೋವರೆಗೂ ನಂಗೇ ಗೊತ್ತಿರ್ಲಿಲ್ಲ ಏನ್ ಹೇಳ್ತೀನಿ ಅಂತ."

"ಕಾಸಿಯಾನ್ ಸತ್ತ ಅಂತಾಳಾ ಅಮ್ಮ?"

"ಹೂಂ. ಸತ್ತೋನು ಮೆಸೇಜ್ ಕಳಿಸ್ತಾನಾ? ದಿನಾ ಬರುತ್ತೆ ನಂಗೆ. ತೋರಿಸಿದ್ರೆ ಓದೋದೇ ಇಲ್ಲ. ಇದು ನನ್ನ ಮಗ ಅಲ್ಲ, ಬರೀ ಗಾಜು ಅಂತಾಳೆ."

ಅವನ ಜೇಬು ಅದುರಿತು. ಅದೇ ಹೊತ್ತಿಗೆ ನನ್ನ ಮೊಬೈಲೂ.

ಇಬ್ಬರಿಗೂ ಒಂದೇ ಸಂದೇಶ, ಕಾಸಿಯಾನ್‌ನಿಂದ.

'ಸೆಲ್ಮಾ ಇಲ್ಲದೆ ಹಸು ಇಳಿಸೋದು ಕಷ್ಟ ಆಗಿರಬೇಕು. ಆಗಸ್ಟಲ್ಲಿ ಅದು ಬಿದ್ದಾಗಿಂದ ನನಗೂ ಸಮಾಧಾನ ಇಲ್ಲ. ಅಮ್ಮನ್ನ ನೋಡ್ಕೋ. ನಾನು ಚೆನ್ನಾಗಿದೀನಿ.'

ರೋಮೆಡ್ ಅದನ್ನು ಎರಡು ಸಲ ಓದಿದ. ಕತ್ತೆತ್ತಿ ಮೂಲೆಯತ್ತ ನೋಡಿದ. ಸೆಲ್ಮಾ ಕಿವಿ ಬಡಿಯುತ್ತ ಮೆಲುಕು ಹಾಕುತ್ತಿತ್ತು.

"ಕಾಸಿಯಾನ್‌ಗೆ ಗೊತ್ತಲ್ಲ ಅದು ಬಿದ್ದಿಲ್ಲ ಅಂತ," ಎಂದ. "ಬೇಸಿಗೆಯೆಲ್ಲ ಅದ್ರ ಹಾಲು ಕರೆದೋನೇ ಅವನು."

"ಈ ಸುಳ್ಳನ್ನ ಇವತ್ತಿಗೆ ಮುಂಚೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಬುರ್ಗಿ. ಹೇಳ್ದೆನಲ್ಲ. ಅಂಗಳದಲ್ಲಿ, ಊಟದ ಹೊತ್ತಲ್ಲಿ."

ಈ ಸಂದೇಶ ಬರೆದವರು ದಕ್ಷಿಣದಲ್ಲಿರಲಿಲ್ಲ. ನಮ್ಮ ಜೊತೆ ಬೆಂಚಿನ ಮೇಲೆ ಕೂತು ಹುಳಿ ಕೋಸು ತಿಂದಿದ್ದರು.

*

"ಈಗ ನಂಬ್ತೀಯಾ?"

ಬಾಗಿಲಲ್ಲಿ ಫಿಲೊಮೆನಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ರೋಮೆಡ್ ಚಿಕ್ಕ ಹುಡುಗನ ಹಾಗೆ ಎದ್ದು ನಿಂತ.

"ಬಾ ಮಗಳೇ," ಎಂದು ನನಗೆ ಮಾತ್ರ ಹೇಳಿ ಅಡುಗೆಮನೆಗೆ ನಡೆದಳು.

ಅವಳ ಅಡುಗೆಮನೆಯ ಕಿಟಕಿಯಿಂದ ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಗಂಡನ ಕಾಲದ ದುರ್ಬೀನು. ಹೊಟ್ಟಿಂಗ್‌ನ ಮುದುಕಿಯರೆಲ್ಲ ಹೀಗೆಯೇ ಮಕ್ಕಳನ್ನು, ಹಸುಗಳನ್ನು ಮನೆಯಿಂದಲೇ ಕಾಯುವುದು.

"ದಿನಾ ಬೆಳಿಗ್ಗೆ ಅವನು ಗುಡಿಸಲ ಕಟಾಂಜನಕ್ಕೆ ಬಿಳಿ ಹೊದಿಕೆ ಹಾಕ್ತಿದ್ದ," ಎಂದಳು. "ಚೆನ್ನಾಗಿದೀನಿ ಅಂತ ನಂಗೆ ಹೇಳೋಕೆ. ಮಂಗಳವಾರ ಹಾಕಿದ್ದ. ಮಧ್ಯಾಹ್ನ ನೋಡ್ದೆ. ಅವನ ಜೊತೆ ಇನ್ನೊಬ್ಬ ಇದ್ದ. ಇಬ್ರೂ ಬಂಡೆ ಹಿಂದೆ ಹೋದ್ರು. ವಾಪಸ್ ಬಂದಿದ್ದು ಒಬ್ನೇ."

"ಬುಧವಾರ ನಾನು ಹೋಗಿ ನೋಡ್ದೆನಲ್ಲಮ್ಮ," ಎಂದ ರೋಮೆಡ್. ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ. "ಅಲ್ಲೇನೂ ಇರ್ಲಿಲ್ಲ. ಆಚೆ ಬರೀ ಕಮರಿ."

"ಕಮರಿಗೆ ಇಳಿದು ನೋಡಿದ್ಯಾ?"

ಅವನು ಗೋಡೆಯತ್ತ ತಿರುಗಿದ.

"ಹೇಳಿದ್ರೆ ಯಾರೂ ನಂಬಲಿಲ್ಲ," ಎಂದಳು ಫಿಲೊಮೆನಾ. "ಮುದುಕಿ ಕಣ್ಣು ಅಂದ್ರು. ಸರಿ, ಊರಿಗೆ ಹಸುಗಳ ಕೈಲೇ ಹೇಳಿಸ್ದೆ."

"ಆ ಇನ್ನೊಬ್ಬ ಯಾರು ಫಿಲೊಮೆನಾ ಅಮ್ಮ? ಮುಖ ಕಾಣ್ತಾ?"

"ಅಷ್ಟು ದೂರಕ್ಕೆ ಮುಖ ಎಲ್ಲಿ ಕಾಣುತ್ತೆ? ನಡಿಗೆ ಕಾಣುತ್ತೆ. ಒಂದು ಕೈಲಿ ತುಂಬಿದ ಹಾಲಿನ ಬಕೆಟ್ ಹಿಡಿದಿರೋನ ಹಾಗೆ ನಡೆದ, ಒಂದು ಪಕ್ಕಕ್ಕೆ. ಅವನ ಕೈಲಿ ಬಕೆಟ್ ಇರ್ಲಿಲ್ಲ." ಅವಳು ನನ್ನತ್ತ ತಿರುಗಿದಳು. "ಇವತ್ತು ಅವನು ನನ್ನ ಕೈಯಿಂದ ರೊಟ್ಟಿ ಇಸ್ಕೊಂಡು ತಿಂದ. ಎದ್ದು ನಡೆಯೋವರೆಗೂ ಗೊತ್ತಾಗ್ಲಿಲ್ಲ ನಂಗೆ."

ನೆಲದ ಮೇಲೆ ಬಿದ್ದ ಸೌಟು. ಒಂದು ಪಕ್ಕಕ್ಕೆ ವಾಲುವ ದೋಣಿ.

ಸೋಮವಾರದಿಂದ ಗುರುವಾರದವರೆಗೆ ಒಬ್ಬನೇ. ಸಾಲ್ಸ್‌ಬರ್ಗ್‌ನಿಂದ ಇಲ್ಲಿಗೆ ರೈಲಿನಲ್ಲಿ ಎರಡೇ ಗಂಟೆ. ಶುಕ್ರವಾರ ಪೇಟೆಯಲ್ಲಿ, ಪ್ರವಾಸಿಗಳೆಲ್ಲ ನೋಡಲು ಬರುವ ಬಂಗಾರದ ಮಾಡಿನ ಕೆಳಗೆ ನಾನೂ ಸಿಸೆಲ್ಲೂ ನಿಂತಿದ್ದಾಗ ಸಂದೇಶ ಬಂದಿತ್ತು. ಎಸ್ಬೆನ್ ಆಗ ಕಾಫಿ ತರಲು ಹೋಗಿದ್ದ. ಹಿಂದಿನ ಸಂಜೆ ಸಂದೇಶ ಬಂದಾಗ ಅವನು ವ್ಯಾನಿನಲ್ಲಿ ಏನೋ ಹುಡುಕುತ್ತಿದ್ದ. ಕಾಸಿಯಾನ್ ತನ್ನ ಮನೆಗೂ ಬೀಗ ಹಾಕಿದವನಲ್ಲ, ಮೊಬೈಲಿಗೂ ಹಾಕಿದವನಲ್ಲ. ಅದನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಯಾಕೆ ಎಂದು ಕೇಳಿಕೊಂಡಾಗ, ಕಾಸಿಯಾನ್‌ನ ನೋಡದೆ ವೆನಿಸ್‌ಗೂ ಬರಲ್ಲ ಎಂದ ಸಿಸೆಲ್‌ಳ ಮಾತು ನೆನಪಾಯಿತು.

ಆ ಮನುಷ್ಯನ ಜೊತೆ ಹೋಗು ಎಂದು ಸಿಸೆಲ್‌ಳ ಬೆನ್ನು ತಟ್ಟಿದವಳು ನಾನೇ.

"ಕೇಬಲ್ ಕಾರ್ ಸ್ಟೇಷನ್‌ಗೆ ಫೋನ್ ಮಾಡು," ಎಂದೆ ರೋಮೆಡ್‌ಗೆ. "ಮೇಲೆ ಇರೋರಿಗೆ ಹೇಳ್ಲಿ. ಡೆನ್ಮಾರ್ಕಿನ ಗಂಡ ಹೆಂಡತಿ. ಹೆಂಡತಿಯನ್ನ ಒಬ್ಬಳೇ ಬಿಡಬಾರದು." ನಾನು ನನ್ನ ಕಚೇರಿಗೆ ಕರೆ ಮಾಡಿ ಎರಡು ಮಾತಿನಲ್ಲಿ ವಿಷಯ ತಿಳಿಸಿದೆ. ಈ ಸಲ ಯಾರೂ ನಗಲಿಲ್ಲ.

ರೋಮೆಡ್ ಮೊಬೈಲಿಗೆ ಕೈ ಅಡ್ಡ ಹಿಡಿದು ತಿರುಗಿದ. "ಗಾಳಿಗೆ ಕಾರ್ ನಿಲ್ಲಿಸಿದಾರಂತೆ. ಮೇಲಿದ್ದೋರೆಲ್ಲ ಕಟ್ಟಡದೊಳಗೆ ಕಾಯ್ತಿದಾರೆ. ಇಬ್ರು ಕಾಣ್ತಿಲ್ಲ, ಹುಡುಕೋಕೆ ಹೋಗ್ತೀವಿ ಅಂತಾರೆ."

ಗಾಳಿ ಕಿಟಕಿಯನ್ನು ತಳ್ಳಿತು. ಸಿಸೆಲ್‌ಳ ಮೊಬೈಲ್ ನನ್ನ ಮನೆಯಲ್ಲಿತ್ತು. ಎಸ್ಬೆನ್‌ಗೆ ಕರೆ ಮಾಡಿದರೆ ಏನೆಂದು ಮಾತಾಡಲಿ?

ನಾನು ತಪ್ಪು ತಿಳಿದಿದ್ದರೆ? ಅಂಗಳದಲ್ಲಿ ಬೇರೆಯವರೂ ಇದ್ದರು. ನನ್ನ ಕೈಯಲ್ಲಿದ್ದದ್ದು ಒಬ್ಬ ಮುದುಕಿಯ ಕಣ್ಣು, ಒಂದು ನಡಿಗೆ. ಅಷ್ಟರ ಮೇಲೆ ಗೆಳತಿಯ ಗಂಡನನ್ನು ಕೊಲೆಗಾರ ಎನ್ನುವುದೇ? ಖಚಿತವಾಗಬೇಕಿತ್ತು. ಸಂದೇಶ ಬಂದು ಹೆಚ್ಚು ಹೊತ್ತಾಗಿರಲಿಲ್ಲ. ಆ ಮೊಬೈಲ್ ಇನ್ನೂ ಬಂದ್ ಆಗಿರಲಿಕ್ಕಿಲ್ಲ.

ಕಾಸಿಯಾನ್‌ನ ನಂಬರ್ ಒತ್ತಿದೆ.

ಗುರುವಾರದಿಂದ ಒಮ್ಮೆಯೂ ಆಗದ ರಿಂಗ್ ಈಗ ಆಯಿತು. ಮತ್ತೊಮ್ಮೆ ಆಯಿತು. ಯಾರೋ ಎತ್ತಿದರು. ಮೊದಲು ಬರೀ ಗಾಳಿಯ ಸದ್ದು.

"ಹಲೋ?"

ಹೆಂಗಸಿನ ದನಿ.

"ಸಿಸೆಲ್," ಎಂದೆ.

"ಬುರ್ಗಿ? ಸ್ಕ್ರೀನ್ ಮೇಲೆ ನಿನ್ನ ಹೆಸರು ಬಂತು, ಎತ್ತಿದೆ. ಎಸ್ಬೆನ್ ಚೀಲ ನನ್ನ ಕೈಗೆ ಕೊಟ್ಟು ಫೋಟೊ ತೆಗೆಯೋಕೆ ಆ ತುದಿಗೆ ಹೋದ. ಒಳಗಿಂದ ರಿಂಗಾಯ್ತು. ಆದ್ರೆ ಇದು ಅವನ ಮೊಬೈಲಲ್ಲ. ಹಿಂದುಗಡೆ ನೀಲಿ ಟೇಪ್ ಸುತ್ತಿದೆ." ಅವಳ ದನಿ ಸಣ್ಣದಾಯಿತು. "ನೀಲಿ ಟೇಪ್ ಸುತ್ತೋನು ಕಾಸಿಯಾನ್ ಅಲ್ವಾ?"

"ಅದನ್ನ ಇದ್ದ ಹಾಗೇ ಚೀಲದೊಳಗೆ ಇಡು. ಏನೂ ಕೇಳ್ಬೇಡ. ಜನ ಇರೋ ಕಡೆ ನಡಿ. ಈಗಲೇ."

"ಜನ ಎಲ್ಲಾ ಒಳಗೆ ಹೋದ್ರು. ಇಲ್ಲಿ ನಾವಿಬ್ರೇ."

ಫಿಲೊಮೆನಾ ದುರ್ಬೀನು ಕಣ್ಣಿಗೆ ಹಿಡಿದು ಕಿಟಕಿಗೆ ಒರಗಿ ನಿಂತಿದ್ದಳು. ಬಿಸಿಗಾಳಿಯ ದಿನ ತುದಿಯ ಒಂದೊಂದು ಕಲ್ಲೂ ಬೇರೆ ಬೇರೆಯಾಗಿ ಕಾಣುತ್ತದೆ.

"ಒಬ್ಬಳು ನಿಂತಿದಾಳೆ," ಎಂದಳು. "ಇನ್ನೊಬ್ಬ ಅವಳ ಕಡೆ ಬರ್ತಿದಾನೆ. ಬಕೆಟ್ ಹಿಡಿದ ಹಾಗೆ."

"ಸಿಸೆಲ್, ನಡಿ," ಎಂದೆ. "ಚೀಲ ಅಲ್ಲೇ ಬಿಟ್ಟು ನಡಿ."

ಅವಳಿಗೆ ಕೇಳಿಸಿತೋ ಇಲ್ಲವೋ. ಅವಳ ದನಿ ನನಗಲ್ಲದೆ ಬೇರೆ ಯಾರಿಗೋ ಹೇಳಿದಂತೆ ದೂರದಿಂದ ಬಂತು.

"ಎಸ್ಬೆನ್, ಇದು ನಿನ್ನ ಹತ್ರ ಹೇಗೆ ಬಂತು?"

ಆಮೇಲೆ ಗಾಳಿ. ಬಟ್ಟೆ ಉಜ್ಜಿದ ಸದ್ದು. ಅದೂ ನಿಂತಿತು.

ನಾನು ಅವಳ ಹೆಸರು ಕೂಗಿದೆ. ರೋಮೆಡ್ ಬಾಗಿಲು ತೆರೆದು ಅಂಗಳಕ್ಕೆ ಓಡಿದ, ಅಲ್ಲಿಂದ ಎಲ್ಲಿಗೆ ಓಡಬೇಕೆಂದು ತಿಳಿಯದೆ ನಿಂತ. ಕೇಬಲ್ ಕಾರ್ ನಿಂತಿತ್ತು, ಗಾಳಿಯಲ್ಲಿ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ನಡೆದು ಹತ್ತಿದರೆ ಕತ್ತಲಾಗುತ್ತಿತ್ತು.

"ಫಿಲೊಮೆನಾ ಅಮ್ಮ, ಏನು ಕಾಣ್ತಿದೆ?"

ಅವಳು ದುರ್ಬೀನು ಕೆಳಗಿಳಿಸಲಿಲ್ಲ.

"ಇಬ್ರೂ ಬಂಡೆ ಹಿಂದೆ ಹೋದ್ರು," ಎಂದಳು.